"ನೀನು ಕೇಳಲ್ಲ ಅಕ್ಕ, ವಿಚಾರಣೆ ಮಾಡ್ತೀಯ"

ಪ್ರಶ್ನೆ: ಮೇಡಂ, ನನಗೆ 36 ವರ್ಷ, ತಮ್ಮನಿಗೆ 31. ಅವನ ಕೆಲಸ ಹೋಗಿ ಎರಡು ತಿಂಗಳಾಗಿತ್ತಂತೆ, ದಿನಾ ಬೆಳಗ್ಗೆ ಬ್ಯಾಗ್ ಹಾಕ್ಕೊಂಡು ಹೊರಡ್ತಿದ್ದ, ಸಂಜೆ ವಾಪಸ್ ಬರ್ತಿದ್ದ, ಮನೇಲಿ ಯಾರಿಗೂ ಗೊತ್ತಿಲ್ಲ. ಅವನ ಫ್ರೆಂಡ್ ಬಾಯಿಂದ ನನಗೆ ಗೊತ್ತಾಯ್ತು. ನನ್ ಮೇಲೆ ನಂಬಿಕೆ ಇಲ್ಲ ಅಂತ ತುಂಬಾ ನೋವಾಯ್ತು. ಹೋಗಿ ಕೂರಿಸಿಕೊಂಡು ಯಾಕೋ ಹೇಳ್ಲಿಲ್ಲ, ಎಲ್ಲಿ ಹೋಗ್ತಿದ್ದೆ, ಅಕೌಂಟಲ್ಲಿ ಎಷ್ಟಿದೆ, ಎಷ್ಟು ಕಡೆ ಅಪ್ಲೈ ಮಾಡಿದೀಯ ಅಂತ ಕೇಳಿದೆ. ಬ್ಯಾಗಿನ ಜಿಪ್ ಎಳೆಯೋದು ಮುಚ್ಚೋದು ಮಾಡ್ತಾ ಕೂತಿದ್ದ. ಕೊನೆಗೆ "ನೀನು ಕೇಳಲ್ಲ ಅಕ್ಕ, ವಿಚಾರಣೆ ಮಾಡ್ತೀಯ" ಅಂತ ಹೇಳಿ ಎದ್ದು ಹೋದ. ಗಂಡನ ಹತ್ರ ಹೇಳ್ಕೊಂಡು ಅತ್ರೆ ಅವರು "ಅವನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ" ಅಂದ್ಬಿಟ್ರು. ಆಫೀಸಲ್ಲಿ ಗಂಡಸರು ನನ್ ಕೆಲಸವನ್ನ ನನಗೇ ವಿವರಿಸ್ತಾರೆ, ಮಾತು ಮುಗಿಸೋಕೂ ಬಿಡಲ್ಲ, ಹಂಗಾಗಿ ನಾನೂ ಸ್ವಲ್ಪ ಖಡಕ್ ಆಗಿದ್ದೀನಿ ನಿಜ. ಈಗ ಎಲ್ರೂ ಸೇರಿ ನೀನೇ ತಗ್ಗಬೇಕು ಅಂತಿದಾರೆ. ಅರ್ಥ ಮಾಡ್ಕೊಳ್ಳೋ ಕೆಲಸ ಯಾವಾಗ್ಲೂ ಹೆಂಗಸರದ್ದೇನಾ? ಈ ಭಾನುವಾರ ತಮ್ಮ ಶೆಲ್ಫ್ ಹಾಕಿಕೊಡೋಕೆ ಬರ್ತೀನಿ ಅಂದಿದಾನೆ, ಏನ್ ಮಾತಾಡ್ಲಿ ಗೊತ್ತಾಗ್ತಿಲ್ಲ.

ಉತ್ತರ: ಮೊದ್ಲು ನಿಮ್ಮ ಸಿಟ್ಟಿಗೆ ಒಂದು ಕುರ್ಚಿ ಹಾಕಿ ಕೂರಿಸೋಣ, ಯಾಕಂದ್ರೆ ಅದು ನ್ಯಾಯವಾದ ಸಿಟ್ಟು. ದಿನಪೂರ್ತಿ ನಿಮ್ಮ ಮಾತನ್ನ ಅರ್ಧಕ್ಕೆ ಕತ್ತರಿಸೋರ ಮಧ್ಯೆ ಕೂತು ಬಂದು ಸಂಜೆ ಮನೇಲಿ "ನೀನು ಸ್ವಲ್ಪ ಮೆತ್ತಗಾಗು" ಅಂತ ಕೇಳಿಸ್ಕೊಂಡ್ರೆ ಯಾರಿಗಾದ್ರೂ ಉರಿಯುತ್ತೆ. ಅದ್ರಲ್ಲೂ ನಿಮ್ಮನೆಯವ್ರು ಆ ಮಾತು ಹೇಳೋಕೆ ಆರಿಸ್ಕೊಂಡ ಟೈಮ್ ನೋಡಿ, ನೀವು ಅಳ್ತಾ ಇರೋವಾಗ! ಸಹಾನುಭೂತಿ ಪಾಠ ಅವರಿಗೂ ಒಂದೆರಡು ಕ್ಲಾಸ್ ಬೇಕು, ಅದನ್ನ ಆಮೇಲೆ ನೋಡ್ಕೊಳ್ಳೋಣ.

ಆದ್ರೆ ನಿಮ್ ಪತ್ರವನ್ನ ಎರಡನೇ ಸಲ ಓದುವಾಗ ನನ್ ಕಣ್ಣು ಒಂದು ಕಡೆ ನಿಂತ್ಬಿಡ್ತು. ತಮ್ಮ ಏನ್ ಮಾಡ್ಬೇಕಿತ್ತು, ಯಾಕೆ ಹೇಳ್ಬೇಕಿತ್ತು, ನಿಮಗೆಷ್ಟು ನೋವಾಯ್ತು ಅಂತೆಲ್ಲ ಬರೆದಿದ್ದೀರಿ, ಅವನು ಹೆಂಗಿದ್ದ ಅನ್ನೋದಕ್ಕೆ ಮಾತ್ರ ಒಂದೇ ಒಂದು ಸಾಲು. ಬ್ಯಾಗಿನ ಜಿಪ್ ಎಳೆಯೋದು ಮುಚ್ಚೋದು ಮಾಡ್ತಿದ್ದ. ಅಂದ್ರೆ ನೀವು ನೋಡಿದ್ದೀರಿ. ಕಣ್ಣಿಗೆ ಬಿದ್ದಿದೆ, ನೆನಪಲ್ಲಿ ಉಳಿದಿದೆ, ಪತ್ರದಲ್ಲೂ ಬಂದಿದೆ. ಆದ್ರೆ ಅವತ್ತು ಅಲ್ಲಿ ಕೂತಿದ್ದಾಗ ಅದ್ರ ಬಗ್ಗೆ ಏನೂ ಹೇಳ್ಲಿಲ್ಲ, ಅಕೌಂಟಲ್ಲಿ ಎಷ್ಟಿದೆ ಅಂತ ಕೇಳಿದ್ರಿ. ಎರಡು ತಿಂಗಳು ಸುಳ್ಳು ಸುಳ್ಳೇ ಹೊತ್ತುಕೊಂಡು ಓಡಾಡಿದ ಬ್ಯಾಗು ಕಣ್ರೀ ಅದು, ಅವನ ಕೈ ಅದನ್ನ ಬಿಡ್ತಾನೇ ಇರ್ಲಿಲ್ಲ, ಬಾಯಿ ಹೇಳದೇ ಇದ್ದಿದ್ದನ್ನ ಕೈ ಹೇಳ್ತಾ ಇತ್ತು.

ನಮ್ ಭಾಷೇಲಿ ಒಂದು ಮಜಾ ಇದೆ ನೋಡಿ, ಪ್ರಶ್ನೆ ಕೇಳೋದಕ್ಕೂ ಕಿವಿಗೊಟ್ಟು ಕೇಳೋದಕ್ಕೂ ಒಂದೇ ಪದ. ನೀವು ನಾಲ್ಕು ಸಲ "ಕೇಳಿದೆ" ಅಂತ ಅಂದ್ಕೊಂಡಿದ್ದೀರಿ, ಅವನು "ನೀನು ಕೇಳಲ್ಲ" ಅಂದ. ಇಬ್ರೂ ನಿಜಾನೇ ಹೇಳಿದ್ದು. ಪ್ರಶ್ನೆ ಹಾಕೋದು ಬೇಕಾದಷ್ಟು ನಡೀತು, ಉತ್ತರ ಬರೋಕೆ ಜಾಗ ಸಿಗ್ಲಿಲ್ಲ. ಅಲ್ಲದೆ ನಿಮ್ಮ ಪ್ರಶ್ನೆಗಳನ್ನೇ ಸಾಲಾಗಿ ಒಂದ್ಸಲ ಜೋರಾಗಿ ಓದ್ಕೊಳ್ಳಿ, ಯಾಕೆ ಹೇಳ್ಲಿಲ್ಲ, ಎಲ್ಲಿ ಹೋಗ್ತಿದ್ದೆ, ಎಷ್ಟಿದೆ, ಎಷ್ಟು ಕಡೆ ಅಪ್ಲೈ ಮಾಡಿದೀಯ. ಒಂದೊಂದ್ರಲ್ಲೂ ನೀವು ಆಗ್ಲೇ ತೀರ್ಪು ಬರೆದಿಟ್ಟಿದ್ದೀರಿ, ಅವನು ಸಹಿ ಹಾಕೋದು ಮಾತ್ರ ಬಾಕಿ. ಪ್ರೀತಿಯಿಂದಾನೇ ಕೇಳಿದ್ದು, ನನಗೆ ಗೊತ್ತು, ಗಾಬರಿ ಆದಾಗ ನಮ್ಮಂಥ ಅಕ್ಕಂದಿರ ಬಾಯಿಂದ ಪ್ರೀತಿ ಹಿಂಗೇ ಫಾರ್ಮ್ ಭರ್ತಿ ಮಾಡಿಸೋ ಥರ ಹೊರಗೆ ಬರುತ್ತೆ. ನಾನೂ ಅಕ್ಕಾನೇ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರ್ತೀನಿ, ನಾನೇ ಯಾಕೆ ತಗ್ಗಬೇಕು ಅನ್ನೋದಕ್ಕೆ.

ತಗ್ಗೋದು ಬೇರೆ, ವಿನಯ ಬೇರೆ. ನಾನು ಯಾವ ಹೆಣ್ಣಿಗೂ ದನಿ ತಗ್ಗಿಸಿ, ಅಹಂ ತಣಿಸಿ, ಅವರ ಜೋಕಿಗೆ ನಕ್ಕು ಸಂಭಾಳಿಸಿ ಅಂತ ಈ ಅಂಕಣದಲ್ಲಿ ಬರೆದಿಲ್ಲ, ಬರೆಯೋದೂ ಇಲ್ಲ. ಮಾತುಕತೇಲಿ ವಿನಯ ಅಂದ್ರೆ ನನ್ ಪ್ರಕಾರ ಇಷ್ಟೇ, ಎದುರಿಗಿರೋನ ತಲೇಲಿ ಏನಿದೆ ಅಂತ ನನಗೆ ಗೊತ್ತಿಲ್ಲ ಅಂತ ಒಪ್ಕೊಳ್ಳೋದು. ನೋಡೋಕೆ ಸಣ್ಣ ವಿಷಯ ಅನ್ಸುತ್ತೆ, ಮಾಡೋಕೆ ಹೋದ್ರೆ ಬೆವರು ಬರುತ್ತೆ, ಅದ್ರಲ್ಲೂ ಸ್ವಂತ ತಮ್ಮನ ವಿಷಯದಲ್ಲಿ. ಅವನ ಹಲ್ಲು ಬಿದ್ದಿದ್ದು, ಸೈಕಲ್ಲಿಂದ ಬಿದ್ದಿದ್ದು, ಪರೀಕ್ಷೇಲಿ ಕಾಪಿ ಹೊಡೆದು ಸಿಕ್ಕಿಹಾಕ್ಕೊಂಡಿದ್ದು ಎಲ್ಲಾ ನೋಡಿರೋರು ನಾವು, ಅವನು ನಮಗೆ ಗೊತ್ತಿಲ್ಲದೇ ಇರ್ತಾನಾ ಅಂತ. ಗೊತ್ತಿಲ್ಲದೇ ಇದ್ದ ನೋಡಿ, ಎರಡು ತಿಂಗಳು.

ಹತ್ತಿರದೋರ ವಿಷಯದಲ್ಲೇ ನಾವು ಜಾಸ್ತಿ ಎಡವೋದು ಅಂತ ಪ್ರಯೋಗ ಮಾಡಿ ನೋಡಿದೋರು ಇದಾರೆ. ನಿಕೋಲಸ್ ಎಪ್ಲಿ ಅಂತ ಒಬ್ಬ ಮನಶ್ಶಾಸ್ತ್ರಜ್ಞ, ಅವನೂ ಅವನ ಜೊತೆಯವರೂ 2011ರಲ್ಲಿ ಗಂಡಹೆಂಡತಿಯರನ್ನೂ ಪರಿಚಯವೇ ಇಲ್ಲದೋರನ್ನೂ ಕೂರಿಸಿ, ಎರಡು ಅರ್ಥ ಬರೋ ಮಾತುಗಳನ್ನ ಹೇಳಿಸಿ, ಯಾರು ಸರಿಯಾಗಿ ಅರ್ಥ ಮಾಡ್ಕೊಳ್ತಾರೆ ಅಂತ ನೋಡಿದ್ರು. ಸಂಗಾತಿ ಹೇಳಿದ್ದನ್ನ ಅರ್ಥ ಮಾಡ್ಕೊಳ್ಳೋದ್ರಲ್ಲಿ ಅಪರಿಚಿತರಿಗಿಂತ ಅವರೇನೂ ಮುಂದಿರ್ಲಿಲ್ಲ, ನಮಗೆ ಅರ್ಥ ಆಗಿದೆ ಅನ್ನೋ ಧೈರ್ಯ ಮಾತ್ರ ಸಿಕ್ಕಾಪಟ್ಟೆ. ಆಮೇಲೆ 2018ರಲ್ಲಿ ಅವನೂ ಇನ್ನಿಬ್ಬರೂ ಸೇರಿ 25 ಪ್ರಯೋಗಗಳನ್ನ ಒಟ್ಟಿಗೆ ಪ್ರಕಟಿಸಿದ್ರು, ಅದು ನನಗೆ ಇನ್ನೂ ಇಷ್ಟ. ನಾವೆಲ್ಲ ಸಹಾನುಭೂತಿ ಅಂದ ತಕ್ಷಣ "ಅವನ ಜಾಗದಲ್ಲಿ ನಿಂತು ಯೋಚನೆ ಮಾಡು" ಅಂತೀವಲ್ಲ, ಹಂಗೆ ಯೋಚನೆ ಮಾಡಿದ್ರಿಂದ ಊಹೆ ಸರಿಯಾಗೋದು ಹೆಚ್ಚಾಗ್ಲಿಲ್ಲವಂತೆ. ಅವನ ಜಾಗದಲ್ಲಿ ಹೋಗಿ ನಿಂತ್ರೂ ಅಲ್ಲಿ ನಿಂತಿರೋದು ನಾವೇ ತಾನೆ! ಕೆಲಸಕ್ಕೆ ಬಂದಿದ್ದು ಒಂದೇ, ನೇರವಾಗಿ ಕೇಳಿ ತಿಳ್ಕೊಳ್ಳೋದು. ಕೇಳಿ, ಕೇಳಿಸಿಕೊಳ್ಳೋದು.

ನಿಮ್ಮ ತಮ್ಮ ಯಾಕೆ ಮುಚ್ಚಿಟ್ಟ ಅಂತ ನಿಮ್ಮ ಪತ್ರದಲ್ಲಿ ನಿಮ್ಮದೇ ಒಂದು ಉತ್ತರ ಇದೆ, "ನನ್ ಮೇಲೆ ನಂಬಿಕೆ ಇಲ್ಲ" ಅಂತ. ಇರಬಹುದು. ನಾಚಿಕೆ ಇರಬಹುದು, ಇನ್ನೇನು ನಾಳೆ ಸಿಕ್ಕಿಬಿಡುತ್ತೆ ಸಿಕ್ಕಿದ ಮೇಲೇ ಹೇಳೋಣ ಅಂತ ದಿನಾ ಮುಂದಕ್ಕೆ ಹಾಕಿರಬಹುದು, ನಿಮ್ಮನ್ನ ಗಾಬರಿ ಮಾಡ್ಬಾರದು ಅಂತಿರಬಹುದು, ನಿಮ್ಮ ಮುಂದೆ ಮಾತ್ರ ಸೋತವನ ಥರ ಕಾಣಬಾರದು ಅನ್ನೋ ಹಠ ಇರಬಹುದು. ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ನಿಮ್ಮ ಗಂಡನಿಗಂತೂ ಗೊತ್ತೇ ಇಲ್ಲ.

ಇಲ್ಲಿ ಒಂದು ಮಾತು, "ಗಂಡಸರೇ ಹಿಂಗೆ ಬಿಡಿ, ಮಾತೇ ಆಡಲ್ಲ" ಅಂತ ಪಕ್ಕಕ್ಕೆ ತಳ್ಳಬೇಡಿ. ಅದೂ ಒಂದು ಥರದ ಗೊತ್ತಿದೆ ಅನ್ನೋ ಅಹಂಕಾರಾನೇ. ಹೆಂಗಸರು ವಟವಟ ಗಂಡಸರು ಮೌನಿಗಳು ಅನ್ನೋದನ್ನ ಲೆಕ್ಕ ಹಾಕಿ ನೋಡಿದ್ದಾರೆ, 2007ರಲ್ಲಿ 396 ಕಾಲೇಜು ಹುಡುಗ ಹುಡುಗಿಯರಿಗೆ ಸಣ್ಣ ರೆಕಾರ್ಡರ್ ಕೊಟ್ಟು ಮಾತು ಎಣಿಸಿದ್ರು, ಇಬ್ಬರದ್ದೂ ಹೆಚ್ಚು ಕಮ್ಮಿ ದಿನಕ್ಕೆ 16,000 ಪದ! ಮಾತು ಇದೆ ಅಂದ್ಹಾಗಾಯ್ತು. ಯಾವುದರ ಬಗ್ಗೆ, ಯಾರ ಹತ್ರ ಅನ್ನೋದೇ ಪ್ರಶ್ನೆ. ನಿಮ್ಮ ತಮ್ಮ ಆ ಎರಡು ತಿಂಗಳಲ್ಲಿ ಫ್ರೆಂಡ್ ಹತ್ರ ಹೇಳಿದ್ದಾನಲ್ಲ, ಮಾತೇ ಬರದೋನೇನಲ್ಲ ಅವನು. ಆ ಫ್ರೆಂಡ್ ಹೆಂಗೆ ಕೇಳಿಸ್ಕೊಂಡಿರಬಹುದು ಅಂತ ಯೋಚನೆ ಮಾಡಿದ್ರಾ? ನನ್ ಊಹೆ (ಊಹೆ ಮಾಡ್ಬೇಡಿ ಅಂತ ಈಗಷ್ಟೇ ಹೇಳಿದೋಳು ನಾನು, ಇರ್ಲಿ) ಆ ಹುಡುಗ "ಅಯ್ಯೋ ಹೌದೇನೋ" ಅಂದು ಸುಮ್ನೆ ಪಕ್ಕದಲ್ಲಿ ನಡೆದಿರ್ತಾನೆ ಅಷ್ಟೇ.

ಆದ್ರೂ ತುಂಬಾ ಜನ ಗಂಡಸರಿಗೆ ಒಳಗಾಗ್ತಿರೋದಕ್ಕೆ ಹೆಸರಿಡೋ ಅಭ್ಯಾಸ ಇಲ್ಲ ಅನ್ನೋದು ನಿಜ. ಅನಿಸಿದ್ದಕ್ಕೆ ಪದ ಸಿಗದೇ ಇರೋ ಸ್ಥಿತಿಗೆ 1970ರ ದಶಕದ ಶುರುವಲ್ಲಿ ಸಿಫ್ನಿಯೋಸ್ ಅನ್ನೋ ಮನೋವೈದ್ಯ ಗ್ರೀಕ್ ಪದಗಳನ್ನ ಸೇರಿಸಿ ಅಲೆಕ್ಸಿಥೈಮಿಯಾ ಅಂತ ಹೆಸರಿಟ್ಟ. ಆಮೇಲೆ ರೊನಾಲ್ಡ್ ಲೆವಂಟ್ ಅನ್ನೋ ಮನಶ್ಶಾಸ್ತ್ರಜ್ಞ, ಇದ್ರ ಹಗುರವಾದ ಒಂದು ರೂಪ ಎಷ್ಟೋ ಗಂಡಸರಲ್ಲಿ ಕಾಣುತ್ತೆ, ಹುಟ್ಟಿನಿಂದ ಬಂದಿದ್ದಲ್ಲ ಬೆಳೆಸಿದ್ರಿಂದ ಬಂದಿದ್ದು ಅಂತ ವಾದ ಮಾಡಿದ. ಗಂಡು ಮಗು ಬಿದ್ದು ಅತ್ರೆ "ಏನಾಗಿಲ್ಲ ಏಳೋ" ಅಂತೀವಿ. ಏನೋ ಆಗಿರುತ್ತೆ, ಆದ್ರೆ ಏನೂ ಆಗಿಲ್ಲ ಅಂತ ನಾವೇ ಹೇಳಿಕೊಟ್ಟಿರ್ತೀವಿ. ಮೂವತ್ತು ವರ್ಷ ಆದ್ಮೇಲೆ ಅದೇ ಹುಡುಗನ್ನ ಹಿಡಿದು ಅಲ್ಲಾಡಿಸಿ "ಏನಾಗಿದೆ ಹೇಳೋ, ಬಾಯಿ ಬಿಟ್ಟು ಹೇಳೋ" ಅಂದ್ರೆ ಎಲ್ಲಿಂದ ತರ್ತಾನೆ ಪಾಪ. ಹಂಗಾಗಿ ಅವನು "ಏನಿಲ್ಲ" ಅಂದಾಗೆಲ್ಲ ಅದು ನಿಮ್ಮ ಮುಖಕ್ಕೆ ಹಾಕಿದ ಬಾಗಿಲು ಅಂತ ತಗೋಬೇಡಿ, ಎಷ್ಟೋ ಸಲ ಅವನಿಗೂ ಒಳಗೆ ಕತ್ತಲೇನೇ.

ಎದ್ದು ಹೋದ ಅಂದ್ರಲ್ಲ, ಅದಕ್ಕೂ ಒಂದು ಮಾತು. ಜಾನ್ ಗಾಟ್‌ಮನ್ ಅಂತ, ದಂಪತಿಗಳನ್ನ ಲ್ಯಾಬಲ್ಲಿ ಕೂರಿಸಿ ಜಗಳ ಆಡಿಸಿ ಹಾರ್ಟ್‌ಬೀಟ್ ಅಳೆದ ಮಹಾನುಭಾವ (ಏನ್ ಕೆಲಸ ನೋಡಿ!), ಮಾತಿನ ಮಧ್ಯೆ ಎದೆಬಡಿತ ನಿಮಿಷಕ್ಕೆ 100 ದಾಟಿದ್ರೆ ಎದುರಿನೋರು ಹೇಳೋದು ಸರಿಯಾಗಿ ತಲೆಗೆ ಹೋಗಲ್ಲ, ಕಡೇಪಕ್ಷ 20 ನಿಮಿಷ ಬಿಡುವು ಬೇಕು ಅಂತಾನೆ. ಹಿಂಗೆ ಕಲ್ಲಿನ ಥರ ಮುಚ್ಚಿಕೊಂಡು ಕೂರೋರಲ್ಲಿ ಹೆಚ್ಚಿನೋರು ಗಂಡಸರೇ ಅಂತ್ಲೂ ಅವನ ಲೆಕ್ಕ. ನಿಮ್ಮ ತಮ್ಮನಿಗೆ ಅವತ್ತು ಎದೆ ಎಷ್ಟು ಹೊಡ್ಕೊಳ್ತಿತ್ತೋ ಯಾರಿಗ್ಗೊತ್ತು. ಅವನು ಕೂಗಾಡ್ಲಿಲ್ಲ, ಬಾಗಿಲು ಬಡೀಲಿಲ್ಲ, ಒಂದು ವಾಕ್ಯ ಹೇಳಿ ಎದ್ದ, ಆ ವಾಕ್ಯ ನಿಮಗೆ ಚುಚ್ತು ನಿಜ, ಆದ್ರೆ ಇಡೀ ಸಂಜೇಲಿ ಅವನು ಮನಸ್ಸಿಂದ ಹೇಳಿದ ಒಂದೇ ಒಂದು ಮಾತು ಅದು. ಅವನ ದೂರನ್ನೇ ಪ್ರೀತಿ ಅಂತ ಓದ್ಕೊಳ್ಳಿ ಅಂತ ನಾನು ಹೇಳ್ತಿಲ್ಲ. ನಿಮ್ಮ ಹತ್ರ ಹೆಂಗೆ ಮಾತಾಡಿಸಿಕೊಳ್ಳೋಕೆ ಇಷ್ಟ ಅಂತ ಅವನೇ ಹೇಳಿಹೋಗಿದ್ದಾನೆ, ಅಷ್ಟು.

ನನ್ದೊಂದು ಕಥೆ ಹೇಳ್ತೀನಿ, ಹೇಳೋಕೆ ಸ್ವಲ್ಪ ನಾಚಿಕೆನೇ. ಕೆಲವು ವರ್ಷದ ಹಿಂದೆ ನಮ್ಮನೆಯವರ ಜೀವದ ಗೆಳೆಯ ತೀರಿಕೊಂಡ್ರು. ಇವರು ಅಳ್ಲಿಲ್ಲ, ಎರಡು ವಾರ ಎಂದಿನ ಹಾಗೇ ಇದ್ರು, ನಾನು ಸುಮ್ನಿರ್ಬೇಕಲ್ಲ, ಬೆಳಗ್ಗೆ ಎದ್ದರೆ "ಹೇಳ್ಕೊಳ್ರೀ, ಒಳಗಿಟ್ಕೋಬೇಡ್ರೀ" ಅಂತ ಅವರ ಹಿಂದೆ ಹಿಂದೆ. ಊರಿಗೆಲ್ಲ ಸಲಹೆ ಬರೆಯೋಳು, ಮನೇಲಿ ಅದನ್ನೇ ಮಾಡ್ತಿದ್ದೆ, ಅವರು ನಾನು ಬಂದ್ರೆ ಬೇರೆ ರೂಮಿಗೆ ಹೋಗೋಕೆ ಶುರು ಮಾಡಿದ್ರು. ಒಂದಿನ ವಾಶ್‌ಬೇಸಿನ್ ಕೆಳಗೆ ಪೈಪ್ ಸೋರ್ತಿತ್ತು, ಇವರು ಅಂಗಾತ ಮಲಗಿ ತಲೆ ಒಳಗೆ ಹಾಕಿ ರಿಪೇರಿ ಮಾಡ್ತಿದ್ರು, ನಾನು ಟಾರ್ಚ್ ಹಿಡ್ಕೊಳ್ಳೋ ಕೆಲಸ. ಒಂದು ಕೈಲಿ ಸ್ಪ್ಯಾನರ್ ಕೊಟ್ರು, ಇನ್ನೊಂದು ಕೈಲಿ ಪೈಪ್ ಒತ್ತಿ ಹಿಡಿ ಅಂದ್ರು, ಟಾರ್ಚ್ ಎಲ್ಲಿಡೋದು, ಬಾಯಲ್ಲಿ ಕಚ್ಕೊಂಡೆ. "ಸ್ವಲ್ಪ ಎಡಕ್ಕೆ" ಅಂದ್ರು, ಕತ್ತು ತಿರುಗಿಸಿದೆ. ಆಮೇಲೆ ಅಲ್ಲಿಂದಾನೇ, ಮುಖ ಕಾಣಿಸ್ತಿಲ್ಲ ನನಗೆ, ಮೊಣಕಾಲು ಮಾತ್ರ ಕಾಣ್ತಿದೆ, "ಅವನ ನಂಬರ್ ಇನ್ನೂ ಡಿಲೀಟ್ ಮಾಡಿಲ್ಲ ಕಣೇ" ಅಂದ್ರು. ನನ್ ಬಾಯಲ್ಲಿ ಟಾರ್ಚು. "ಅಯ್ಯೋ ಮಾಡ್ಬೇಡಿ ಇಟ್ಕೊಳ್ಳಿ" ಅಂತಾಗ್ಲಿ "ಎಷ್ಟು ದಿನ ಅಂತ ಇಟ್ಕೊಳ್ತೀರಾ" ಅಂತಾಗ್ಲಿ ಏನೂ ಹೇಳೋಕಾಗ್ಲಿಲ್ಲ. ಒಂದು ನಿಮಿಷ ಸುಮ್ನಿದ್ರು, ಆಮೇಲೆ ಶುರುವಾಯ್ತು, ಅರ್ಧ ಗಂಟೆ ಮಾತಾಡಿದ್ರು, ಪೈಪ್ ರಿಪೇರಿ ಆಗಿ ಎಷ್ಟೋ ಹೊತ್ತಾದ್ಮೇಲೂ ಅಲ್ಲೇ ಮಲಗಿ. ನನ್ ದವಡೆ ಎರಡು ದಿನ ನೋಯ್ತು.

ಆಸ್ಟ್ರೇಲಿಯಾದಲ್ಲಿ ಮೆನ್ಸ್ ಶೆಡ್ ಅಂತ ಇದಾವೆ, ಮರಗೆಲಸ ರಿಪೇರಿ ಕೆಲಸ ಮಾಡ್ಕೊಂಡು ಗಂಡಸರು ಸೇರೋ ಜಾಗ, ಗಂಡಸರು ಮುಖಕ್ಕೆ ಮುಖ ಕೊಟ್ಟು ಮಾತಾಡಲ್ಲ, ಭುಜಕ್ಕೆ ಭುಜ ಕೊಟ್ಟು ಮಾತಾಡ್ತಾರೆ ಅನ್ನೋದು ಅವರ ಘೋಷವಾಕ್ಯ. ಎಲ್ಲಾ ಗಂಡಸರಿಗೂ ಇದು ನಿಜ ಅಂತ ನಾನು ಹೇಳಲ್ಲ, ಹೆಂಗಸರಿಗೂ ಬೇಕಾದಷ್ಟು ಸಲ ನಿಜಾನೇ. ಆದ್ರೆ ಕೂರಿಸಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು, "ಈಗ ಹೇಳು" ಅನ್ನೋದು ಕೆಲವರಿಗೆ ಕಟಕಟೆ ಥರ ಕಾಣುತ್ತೆ, ಅದಕ್ಕೇ ಅವನ ಬಾಯಲ್ಲಿ ವಿಚಾರಣೆ ಅನ್ನೋ ಪದ ಬಂದಿದ್ದು ಅನ್ಸುತ್ತೆ.

ಇನ್ನು ನಿಮ್ಮ ಆಫೀಸ್ ಗಂಡಸರು. ಇಲ್ಲಿ ನಾನು ನಿಮ್ಮ ಕಡೆ. ಅರ್ಥ ಮಾಡ್ಕೊಳ್ಳೋ ಕೆಲಸ ಯಾವಾಗ್ಲೂ ಹೆಂಗಸರದ್ದೇನಾ ಅಂತ ಕೇಳಿದ್ರಿ. ಅಲ್ಲ. ಭಾವನಾತ್ಮಕ ದುಡಿಮೆ ಅಂತ ಒಂದು ಮಾತಿದೆ, ಆರ್ಲಿ ಹೋಕ್‌ಶೀಲ್ಡ್ ಅನ್ನೋ ಸಮಾಜಶಾಸ್ತ್ರಜ್ಞೆ 1983ರಲ್ಲಿ ವಿಮಾನದ ಗಗನಸಖಿಯರನ್ನ ನೋಡಿ ಬರೆದಿದ್ದು, ಸಂಬಳಕ್ಕಾಗಿ ನಗೋದು, ಸಂಬಳಕ್ಕಾಗಿ ಸಹಿಸೋದು. ನಿಮಗೆ ಆಫೀಸಲ್ಲಿ ಆ ಸಂಬಳಾನೂ ಕೊಡ್ತಿಲ್ಲ. ನಿಮ್ಮ ಮಾತು ಕತ್ತರಿಸೋನಿಗೆ "ನಾನು ಮುಗಿಸ್ತೀನಿ, ಆಮೇಲೆ ನೀವು ಹೇಳಿ" ಅಂತ ತಣ್ಣಗೆ ಹೇಳೋದ್ರಲ್ಲಿ ಯಾವ ಅವಿನಯಾನೂ ಇಲ್ಲ, ಹೇಳಿ, ದಿನಕ್ಕೆ ಹತ್ತು ಸಲ ಬೇಕಾದ್ರೂ ಹೇಳಿ. ಹೀಯಾಳಿಸೋನು, ಹೆದರಿಸೋನು ಮುಂದೆ ಇದ್ರೆ ಅವನ ಬಾಲ್ಯ ಹೆಂಗಿತ್ತು ಅಂತ ಚಿಂತೆ ಮಾಡೋ ಜವಾಬ್ದಾರಿ ನಿಮ್ದಲ್ಲ, ಅಲ್ಲಿಂದ ಎದ್ದು ಬನ್ನಿ. ನನಗೆ ಅನ್ಸೋದು ಏನಂದ್ರೆ, ಆಫೀಸಿಗೆ ಅಂತ ಮಾಡಿಸ್ಕೊಂಡ ಕವಚವನ್ನ ನೀವು ಮನೇಲೂ ಬಿಚ್ಚಿಡ್ತಿಲ್ಲ. ಅವತ್ತು ತಮ್ಮನ ಎದುರು ಕೂತಿದ್ದು ಅದೇ ಕವಚ. ಅವನು ನಿಮ್ಮ ಮೀಟಿಂಗಲ್ಲಿ ಕೂರೋ ಗಂಡಸಲ್ವಲ್ಲ, ಬ್ಯಾಗ್ ತಬ್ಬಿಕೊಂಡು ಕೂತಿರೋ ನಿಮ್ಮ ತಮ್ಮ.

ಒಂದು ಪರೀಕ್ಷೆ ನಾನೇ ನನಗೆ ಮಾಡ್ಕೊಳ್ತೀನಿ, ಬೇಕಾದ್ರೆ ನೀವೂ ಮಾಡಿ. ಪ್ರಶ್ನೆ ಬಾಯಿಗೆ ಬಂದಾಗ ಇದ್ರ ಉತ್ತರ ನನಗೆ ಆಗ್ಲೇ ಗೊತ್ತಿದೆಯಾ ಅಂತ ಕೇಳ್ಕೊಳ್ಳೋದು. ಗೊತ್ತಿದ್ರೆ ಅದು ಪ್ರಶ್ನೆ ಅಲ್ಲ, ನುಂಗ್ಬಿಡಿ. "ಎಷ್ಟು ಕಡೆ ಅಪ್ಲೈ ಮಾಡಿದೀಯ" ಅಂದಾಗ ಸಾಲದು ಅನ್ನೋ ಉತ್ತರ ರೆಡಿ ಇತ್ತು ಅಲ್ವಾ? "ಬ್ಯಾಗ್ ಹಾಕ್ಕೊಂಡು ಹೊರಟು ದಿನಪೂರ್ತಿ ಹೆಂಗ್ ಕಳೀತಿದ್ದೆ ಮರಿ" ಅನ್ನೋದಕ್ಕೆ ನಿಮ್ಮ ಹತ್ರ ಉತ್ತರ ಇಲ್ಲ. ನಿಜವಾಗ್ಲೂ ಗೊತ್ತಿಲ್ಲ ನಮಗೆ, ಬೆಳಗ್ಗೆಯಿಂದ ಸಂಜೆವರೆಗೂ ಒಬ್ಬನೇ, ಎಲ್ಲಿ ಕೂತ, ಯಾರಾದ್ರೂ ಪರಿಚಯದೋರು ಸಿಕ್ಕಿದ್ರೆ ಏನ್ ಹೇಳ್ದ. ಆ ಪ್ರಶ್ನೆ ಕೇಳಿ. ಕೇಳಿದ್ಮೇಲೆ ಸುಮ್ನಿರಿ, ನಿಮಗೆ ಅಸಹನೆ ಆಗೋವಷ್ಟು ಹೊತ್ತು ಸುಮ್ನಿರಿ, ಮಧ್ಯೆ ಅವನಿಗೆ ಸಹಾಯ ಮಾಡೋಕೆ ಹೋಗಿ ಆಪ್ಷನ್ ಕೊಡಬೇಡಿ.

ಅವನೇನಾದ್ರೂ ಹೇಳಿದ್ರೆ ತಕ್ಷಣ ಪರಿಹಾರ ಹೇಳ್ಬೇಡಿ, ಅವನ ರೆಸ್ಯೂಮೆ ತಿದ್ದಿಕೊಡೋಕೆ ಲ್ಯಾಪ್‌ಟಾಪ್ ತೆಗೀಬೇಡಿ, ಯಾರಿಗಾದ್ರೂ ಫೋನ್ ಹಚ್ಚಬೇಡಿ. ಬೇಕಾ ಅಂತ ಕೇಳಿ. "ನಾನು ಸುಮ್ನೆ ಕೇಳಿಸ್ಕೊಳ್ಲಾ, ಇಲ್ಲ ಏನಾದ್ರೂ ಮಾಡ್ಬೇಕಾ" ಅನ್ನೋ ಒಂದು ಸಾಲು ನನ್ ಮನೇಲಿ ಎಷ್ಟೋ ಜಗಳ ತಪ್ಪಿಸಿದೆ.

ಒಂದು ವಿಷಯ ಮಾತ್ರ ಹಗುರಾಗಿ ತಗೋಬೇಡಿ. ಎರಡು ತಿಂಗಳು ಒಬ್ಬನೇ ಇಷ್ಟು ಹೊತ್ತುಕೊಂಡಿದ್ದೋನು. ಆತ್ಮಹತ್ಯೆಯಲ್ಲಿ ಜೀವ ಕಳ್ಕೊಳ್ಳೋರಲ್ಲಿ ಪ್ರಪಂಚದಲ್ಲಿ ಒಟ್ಟಾರೆ ಹೆಂಗಸರಿಗಿಂತ ಗಂಡಸರೇ ಹೆಚ್ಚು ಅನ್ನೋದು ನಿಮ್ಮನ್ನ ಹೆದರಿಸೋಕೆ ಹೇಳ್ತಿಲ್ಲ. ಆದ್ರೆ ಅವನು ಸರಿಯಾಗಿ ನಿದ್ದೆ ಮಾಡ್ತಿಲ್ಲ, ಎಲ್ಲರಿಂದ ದೂರ ಸರೀತಿದ್ದಾನೆ, "ನಾನಿಲ್ಲದಿದ್ರೇ ಚೆನ್ನಾಗಿತ್ತು" ಅನ್ನೋ ಥರದ ಮಾತು ಬಂತು ಅಂದ್ರೆ, ಸುತ್ತಿ ಬಳಸದೆ "ಬದುಕೋದೇ ಬೇಡ ಅಂತ ಅನ್ಸಿದೆಯಾ" ಅಂತ ನೇರವಾಗಿ ಕೇಳಿ. ಕೇಳಿದ್ರೆ ತಲೆಗೆ ಆ ಯೋಚನೆ ಹಾಕಿದಂಗಾಗುತ್ತೆ ಅನ್ನೋ ಭಯ ತಪ್ಪು, ಹಂಗೇನೂ ಆಗಲ್ಲ. ಹೌದು ಅಂದ್ರೆ ಒಬ್ಬನ್ನೇ ಬಿಡಬೇಡಿ, ಅವತ್ತೇ ಡಾಕ್ಟರ್ ಹತ್ರ ಜೊತೇಲಿ ಹೋಗಿ.

ಕ್ಷಮೆ ಕೇಳ್ಬೇಕಾ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಉದ್ದದ ಮೆಸೇಜ್ ಟೈಪ್ ಮಾಡಬೇಡಿ. ಉದ್ದದ ಕ್ಷಮಾಪಣೇಲಿ ನಮ್ಮ ಸಮಜಾಯಿಷಿನೇ ಮುಕ್ಕಾಲು ಪಾಲು ಇರುತ್ತೆ, "ನಾನು ಹಂಗ್ ಕೇಳಿದ್ದು ನಿನ್ ಒಳ್ಳೇದಕ್ಕೇ, ಆದ್ರೆ ನೀನೂ ಅರ್ಥ ಮಾಡ್ಕೋಬೇಕಿತ್ತು" ಅಂತ, ಓದಿದೋನಿಗೆ ಮತ್ತೆ ವಿಚಾರಣೆನೇ. "ಅವತ್ತು ನೀನು ಹೇಳಿದ್ದು ಸರಿ ಕಣೋ, ನಾನು ಕೇಳಿಸ್ಕೊಳ್ಲಿಲ್ಲ" ಅಷ್ಟು ಸಾಕು. ಮುಂದಕ್ಕೆ "ಆದ್ರೆ" ಬರೋಕೆ ಹೊಂಚು ಹಾಕ್ತಿರುತ್ತೆ, ಅದನ್ನ ಒಳಗೇ ಹಿಡ್ಕೊಳ್ಳಿ. ಗಂಡನಿಗೂ ಒಂದು ಮಾತು ಹೇಳಿ, ಅತ್ತಾಗ ಮೊದ್ಲು ಪಕ್ಕದಲ್ಲಿ ಕೂತ್ಕೊಳ್ರೀ, ತೀರ್ಪು ನಾಳೆ ಕೊಡಿ ಅಂತ. ಈ ಉತ್ತರದ ಅರ್ಧ ಭಾಗ ಅವರಿಗೂ ಓದಿಸ್ಬಹುದು, ಯಾವ ಅರ್ಧ ಅನ್ನೋದು ನಿಮಗೆ ಬಿಟ್ಟಿದ್ದು.

ಭಾನುವಾರ ಅವನು ಶೆಲ್ಫ್ ಹಾಕೋಕೆ ಬರ್ತಾನೆ ಅಂದ್ರಿ. ಅದನ್ನ ನೀವು ಗಮನಿಸಿದ್ರೋ ಇಲ್ವೋ, ಎದ್ದು ಹೋದೋನೇ ತಾನಾಗಿ ಬರ್ತೀನಿ ಅಂದಿದ್ದಾನೆ, ಮಾತಾಡೋಕೆ ಅಂತ ಬರ್ತಿಲ್ಲ, ಡ್ರಿಲ್ ಮೆಷಿನ್ ತಗೊಂಡು ಬರ್ತಿದ್ದಾನೆ. ಬಿಡಿ, ಬರ್ಲಿ. ಮೊದ್ಲೇ ಎಲ್ಲಾ ಮಾತು ತಯಾರಿ ಮಾಡ್ಕೊಂಡು ಕಾಯಬೇಡಿ. ಅವನು ಸ್ಟೂಲ್ ಮೇಲೆ ಹತ್ತಿದಾಗ ಕೆಳಗೆ ಸ್ಕ್ರೂ ಡಬ್ಬಿ ಹಿಡ್ಕೊಂಡು ನಿಂತ್ಕೊಳ್ಳಿ, ಕೇಳಿದಾಗ ಒಂದೊಂದೇ ಕೊಡಿ. ಶೆಲ್ಫ್ ಸೊಟ್ಟ ಇದೆ ಅನ್ಸಿದ್ರೆ ಹೇಳ್ಬೇಡಿ ಅಂತ ನಾನು ಹೇಳಲ್ಲ, ಸೊಟ್ಟ ಇದ್ರೆ ಸೊಟ್ಟಾನೇ, ಆದ್ರೆ ಅವನು ಕೆಳಗಿಳಿದು ಬಂದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಹೆಂಗಿದೆ ಅಕ್ಕ" ಅಂತ ಅವನೇ ಕೇಳೋವರೆಗೂ ತಡ್ಕೊಳ್ಳಿ.